ರೈಲು ಲೇಟಾಯ್ತು, ರದ್ದಾಯ್ತು: ಟಿಕೆಟ್ ದುಡ್ಡು ವಾಪಸ್ ಪಡೆಯಲು ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಮಾರ್ಗದರ್ಶಿ

ಒಂದು ರಾತ್ರಿ ದಾವಣಗೆರೆ ಸ್ಟೇಷನ್ನಿನಲ್ಲಿ ಬೆಂಗಳೂರು ಕಡೆಯ ರೈಲಿಗೆ ಕಾಯುತ್ತಾ ಕೂತಿದ್ದೆ. ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಮೊಬೈಲಿನಲ್ಲಿ 18 ಪರ್ಸೆಂಟ್ ಚಾರ್ಜು. ಮೊದಲು ನಲವತ್ತು ನಿಮಿಷ ಲೇಟ್ ಅಂದರು. ಆಮೇಲೆ ಒಂದೂವರೆ ಗಂಟೆ. ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಮೂರೂಕಾಲು ಗಂಟೆ ಆಗಿತ್ತು. ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಇರಲೇಬೇಕಿತ್ತು. ಇನ್ನು ಕಾದರೆ ಆಗಲ್ಲ ಅಂತ ಬ್ಯಾಗ್ ಹೆಗಲಿಗೇರಿಸಿ ಪಿ.ಬಿ. ರಸ್ತೆಗೆ ಬಂದು ಬಸ್ ಹತ್ತಿದೆ.

ಮರುದಿನ ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಆರಾಮಾಗಿ ಟೀ ಕುಡಿಯುತ್ತಾ ರಿಫಂಡಿಗೆ ಅರ್ಜಿ ಹಾಕಿದೆ. ಅದು ತಿರಸ್ಕಾರವಾಯಿತು. ರೈಲು ಲೇಟಾಗಿದ್ದು ನಿಜ, ನಾನು ಹತ್ತದೇ ಇದ್ದದ್ದೂ ನಿಜ. ಆದರೆ ರೈಲು ದಾವಣಗೆರೆ ಬಿಟ್ಟು ಹೋಗುವ ಮುಂಚೆಯೇ ನಾನು ಅರ್ಜಿ ಹಾಕಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹರಟೆ ಹೊಡೆಯುವ ಬದಲು ಐದು ನಿಮಿಷ ಮೊಬೈಲ್ ತೆಗೆದಿದ್ದರೆ ಪೂರ್ತಿ ಹಣ ಬರುತ್ತಿತ್ತು.

ಅವತ್ತಿನಿಂದ ಈ ನಿಯಮಗಳ ಹಿಂದೆ ಬಿದ್ದೆ. ಈಗ ನಮ್ಮ ಓಣಿಯಲ್ಲಿ ಯಾರದೇ ರೈಲು ಕೈಕೊಟ್ಟರೂ ಫೋನ್ ನನಗೇ ಬರುತ್ತದೆ. ಒಬ್ಬೊಬ್ಬರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ರಿಫಂಡ್ ಬೇರೆ, ಪರಿಹಾರ ಬೇರೆ

ಜಾಸ್ತಿ ಜನ ಎಡವುವುದು ಇಲ್ಲಿಯೇ. "ರೈಲು ನಾಲ್ಕು ಗಂಟೆ ಲೇಟಾಗಿ ಊರು ಮುಟ್ಟಿತು, ಎಷ್ಟು ಪರಿಹಾರ ಬರುತ್ತೆ?" ಅಂತ ಕೇಳುತ್ತಾರೆ. ನೀವು ರೈಲು ಹತ್ತಿ, ಪ್ರಯಾಣ ಮುಗಿಸಿ ಇಳಿದಿದ್ದರೆ, ಲೇಟಾಯಿತು ಅನ್ನುವ ಒಂದೇ ಕಾರಣಕ್ಕೆ ತಾನಾಗಿಯೇ ಒಂದು ರೂಪಾಯಿಯೂ ಬರುವುದಿಲ್ಲ. ಗಂಟೆಗಿಷ್ಟು ಅಂತ ಲೆಕ್ಕ ಹಾಕಿ ಕೊಡುವ ಪದ್ಧತಿ ನಮ್ಮ ರೈಲುಗಳಲ್ಲಿ ಇಲ್ಲ. 2019ರಲ್ಲಿ ರೈಲ್ವೆಯ ಆನ್‌ಲೈನ್ ಟಿಕೆಟ್ ಕಂಪನಿ ಐಆರ್‌ಸಿಟಿಸಿ ನಡೆಸುವ ದೆಹಲಿ–ಲಖನೌ ತೇಜಸ್ ರೈಲಿನಲ್ಲಿ ಒಂದು ಗಂಟೆ ದಾಟಿದರೆ 100 ರೂಪಾಯಿ, ಎರಡು ಗಂಟೆ ದಾಟಿದರೆ 250 ರೂಪಾಯಿ ಕೊಡುತ್ತೇವೆ ಅಂತ ಶುರು ಮಾಡಿದ್ದರು. 2024ರಲ್ಲಿ ಅದನ್ನೂ ನಿಲ್ಲಿಸಿದರು. ನಮ್ಮ ಕಡೆಯ ರೈಲುಗಳಿಗೆ ಅದು ಬಂದೇ ಇರಲಿಲ್ಲ.

ಹಾಗಾಗಿ ನಮಗೆ ಎರಡು ದಾರಿ. ಪ್ರಯಾಣ ಮಾಡದೇ ಇದ್ದಾಗ ಟಿಕೆಟ್ ಹಣ ವಾಪಸ್ ಪಡೆಯುವುದು ರಿಫಂಡ್. ಇದು ರೈಲ್ವೆಯ 2015ರ ರಿಫಂಡ್ ನಿಯಮಗಳ ಪ್ರಕಾರ ಸಿಗುತ್ತದೆ, ಯಾರ ಹತ್ತಿರವೂ ಜಗಳ ಆಡಬೇಕಿಲ್ಲ. ಲೇಟಾದ್ದರಿಂದ ನಿಮಗೆ ಬೇರೆ ನಷ್ಟ ಆಗಿದ್ದರೆ, ಅಂದರೆ ವಿಮಾನ ತಪ್ಪಿದ್ದರೆ ಅಥವಾ ಟ್ಯಾಕ್ಸಿಗೆ ಸುರಿದಿದ್ದರೆ, ಅದನ್ನು ಕೇಳುವುದು ಪರಿಹಾರ. ಅದಕ್ಕೆ ಗ್ರಾಹಕರ ಆಯೋಗದ ಬಾಗಿಲು ತಟ್ಟಬೇಕು. ಮೊದಲನೆಯದು ಸುಲಭ, ಆದರೆ ಗಡಿಯಾರದ ಮೇಲೆ ಕಣ್ಣಿರಬೇಕು. ಎರಡನೆಯದಕ್ಕೆ ತಾಳ್ಮೆಯೂ ಬೇಕು, ಕಾಗದಪತ್ರವೂ ಬೇಕು.

ರೈಲು ಪೂರ್ತಿ ರದ್ದಾದರೆ

ಇದರಲ್ಲಿ ತಲೆನೋವು ಕಡಿಮೆ. ಇ-ಟಿಕೆಟ್ ಆಗಿದ್ದರೆ ನೀವು ಏನೂ ಮಾಡಬೇಕಿಲ್ಲ. ರೈಲು ಶುರುವಿನಿಂದ ಕೊನೆಯವರೆಗೆ ರದ್ದಾಗಿದ್ದರೆ ಟಿಕೆಟ್ ತಾನಾಗಿಯೇ ರದ್ದಾಗಿ, ನೀವು ಹಣ ಕಟ್ಟಿದ ಖಾತೆಗೇ ಪೂರ್ತಿ ದರ ವಾಪಸ್ ಬರುತ್ತದೆ. ಬುಕಿಂಗ್ ಮಾಡುವಾಗ ಐಆರ್‌ಸಿಟಿಸಿ ಹಿಡಿದ ಹತ್ತರಿಂದ ಮೂವತ್ತು ರೂಪಾಯಿಯ ಕನ್ವೀನಿಯನ್ಸ್ ಫೀ ಮಾತ್ರ ಬರುವುದಿಲ್ಲ. "ಪೂರ್ತಿ ಅಂದರು, ಮೂವತ್ತು ರೂಪಾಯಿ ಕಡಿಮೆ ಇದೆ" ಅಂತ ಗಾಬರಿಯಾಗಬೇಡಿ, ಅದು ಇದೇ.

ರದ್ದು ಅಂತ ಸುದ್ದಿ ಬಂದ ತಕ್ಷಣ ಗಡಿಬಿಡಿಯಲ್ಲಿ ನೀವೇ ಕ್ಯಾನ್ಸಲ್ ಬಟನ್ ಒತ್ತಬೇಡಿ. ಸಿಸ್ಟಂನಲ್ಲಿ ರದ್ದು ಅಂತ ದಾಖಲಾಗುವ ಮುಂಚೆ ಒತ್ತಿದರೆ ಅದು ಮಾಮೂಲಿ ಕ್ಯಾನ್ಸಲೇಶನ್ ಆಗಿ, ಚಾರ್ಜ್ ಮುರಿದುಕೊಂಡು ಉಳಿದದ್ದು ಬರುತ್ತದೆ. ಸುಮ್ನೆ ಕಾಯಿರಿ.

ಕೌಂಟರಿನಲ್ಲಿ ತೆಗೆದ ಕಾಗದದ ಟಿಕೆಟ್ ಆಗಿದ್ದರೆ ಕೌಂಟರಿಗೇ ಹೋಗಬೇಕು. ರೈಲು ಹೊರಡಬೇಕಿದ್ದ ದಿನ ಬಿಟ್ಟು ಮೂರು ದಿನದ ಒಳಗೆ ಟಿಕೆಟ್ ವಾಪಸ್ ಕೊಟ್ಟರೆ ಪೂರ್ತಿ ಹಣ. ಯಾವ ಊರಿನ ಕೌಂಟರಿನಲ್ಲಿ ತೆಗೆದಿದ್ದಿರೋ ಅಲ್ಲಿಗೇ ಹೋಗಬೇಕು ಅಂತೇನಿಲ್ಲ. ಹುಬ್ಬಳ್ಳಿಯಲ್ಲಿ ತೆಗೆದ ಟಿಕೆಟನ್ನು ದಾವಣಗೆರೆಯ ಕಂಪ್ಯೂಟರ್ ರಿಸರ್ವೇಶನ್ ಕೌಂಟರಿನಲ್ಲಿ ಕೊಡಬಹುದು.

ಸೈಬರ್ ಸೆಂಟರಿನಲ್ಲೋ ಟ್ರಾವೆಲ್ಸ್ ಅಂಗಡಿಯಲ್ಲೋ ಮಾಡಿಸಿದವರು ಇಲ್ಲಿ ಸ್ವಲ್ಪ ಗಮನ ಕೊಡಿ. ಹಣ ವಾಪಸ್ ಬರುವುದು ಕಟ್ಟಿದ ಖಾತೆಗೆ, ಅಂದರೆ ಅಂಗಡಿಯವರ ಖಾತೆಗೆ. ಅಧಿಕೃತ ಏಜೆಂಟ್ ಆಗಿದ್ದರೆ ರಿಫಂಡ್ ಆದಾಗ ನಿಮ್ಮ ಮೊಬೈಲಿಗೆ ಮೊತ್ತದ ಜೊತೆ ಒಂದು ಓಟಿಪಿ ಬರುತ್ತದೆ. ಅದನ್ನು ಏಜೆಂಟಿಗೆ ಹೇಳಿ ಹಣ ಇಸಿದುಕೊಳ್ಳಬೇಕು. ಇದಕ್ಕೇ ನಾನು ಎಲ್ಲರಿಗೂ ಹೇಳುವುದು: ಬುಕ್ ಮಾಡಿಸುವಾಗ ಅಂಗಡಿಯವರ ನಂಬರ್ ಬೇಡ, ನಿಮ್ಮ ಮೊಬೈಲ್ ನಂಬರನ್ನೇ ಹಾಕಿಸಿ. ಕೆಲವರು ತಮ್ಮ ಸ್ವಂತ ಐಡಿಯಲ್ಲಿ ಊರವರಿಗೆಲ್ಲ ಟಿಕೆಟ್ ಮಾಡಿ ಮೇಲೆ ಐವತ್ತು, ನೂರು ತೆಗೆದುಕೊಳ್ಳುತ್ತಾರೆ. ಅದು ರೈಲ್ವೆ ಕಾಯ್ದೆಯಲ್ಲಿ ಅಪರಾಧ. ಅಂಥವರ ಹತ್ತಿರ ಮಾಡಿಸಿದರೆ ರಿಫಂಡಿಗೆ ಅವರ ಮನೆ ಬಾಗಿಲು ಕಾಯಬೇಕಾಗುತ್ತದೆ.

ಮೂರು ಗಂಟೆ ಲೇಟ್: ಇಲ್ಲೇ ಆಟ ಇರುವುದು

ನಿಯಮ ಇಷ್ಟೇ. ನೀವು ಹತ್ತಬೇಕಾದ ಸ್ಟೇಷನ್ನಿಗೆ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ ಬರುತ್ತಿದ್ದರೆ, ನೀವು ಪ್ರಯಾಣ ಮಾಡದೇ ಇದ್ದರೆ, ರೈಲು ಆ ಸ್ಟೇಷನ್ ಬಿಡುವ ಮುಂಚೆ ಅರ್ಜಿ ಹಾಕಿದರೆ ಪೂರ್ತಿ ಟಿಕೆಟ್ ದರ ವಾಪಸ್. ಕನ್ಫರ್ಮ್ ಆಗಿದ್ದರೂ, ಆರ್‌ಎಸಿ (ಅರ್ಧ ಸೀಟು ಸಿಕ್ಕಿದ್ದು) ಆಗಿದ್ದರೂ ಅಷ್ಟೇ.

ಈ ಅರ್ಜಿಗೆ ಟಿಡಿಆರ್ ಅಂತಾರೆ, ಟಿಕೆಟ್ ಡಿಪಾಸಿಟ್ ರಸೀದಿ. ಹೆಸರು ಹಳೇ ಕಾಲದ್ದು. ಮುಂಚೆ ಟಿಕೆಟನ್ನು ಸ್ಟೇಷನ್ನಿನಲ್ಲಿ ಕೊಟ್ಟು ರಸೀದಿ ತೆಗೆದುಕೊಂಡು, ಆಮೇಲೆ ರಿಫಂಡ್ ಕೇಳುತ್ತಿದ್ದರು. ಈಗ ಇ-ಟಿಕೆಟಿಗೆ ಅದೇ ಕೆಲಸ ಮೊಬೈಲಿನಲ್ಲಿ ಆಗುತ್ತದೆ.

ಹೆಜ್ಜೆ 1: ರೈಲು ಎಲ್ಲಿದೆ ನೋಡಿ. ರೈಲ್ವೆಯದೇ ಎನ್‌ಟಿಇಎಸ್ ಆಪ್ ನೋಡಿ, ಇಲ್ಲವಾದರೆ 139ಕ್ಕೆ ಫೋನ್ ಮಾಡಿ. ಖಾಸಗಿ ಆಪ್‌ಗಳು ಅಂದಾಜಿನ ಮೇಲೆ ಹೇಳುವುದುಂಟು. ಬೆಂಗಳೂರು ಕಡೆಯಿಂದ ಬರುವ ರೈಲಾದರೆ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಯಾವಾಗ ದಾಟಿತು ಅಂತ ನೋಡುತ್ತಾ ಹೋಗಿ. ಹುಬ್ಬಳ್ಳಿ ಕಡೆಯಿಂದ ಬರುವುದಾದರೆ ಹಾವೇರಿ, ರಾಣೆಬೆನ್ನೂರು, ಹರಿಹರ. ಲೇಟು ಲೆಕ್ಕ ಹಾಕುವುದು ನಿಮ್ಮ ಸ್ಟೇಷನ್ನಿನ ಸಮಯಕ್ಕೆ. ಹೊರಟ ಊರಿನಲ್ಲಿ ನಾಲ್ಕು ಗಂಟೆ ಲೇಟಿದ್ದು ದಾವಣಗೆರೆಗೆ ಬರುವಷ್ಟರಲ್ಲಿ ಎರಡೂಮುಕ್ಕಾಲಿಗೆ ಇಳಿದರೆ ನಿಮಗೆ ರಿಫಂಡ್ ಇಲ್ಲ.

ಇದು ಸ್ವಲ್ಪ ಜೂಜಿನ ಥರ. ಆಪ್‌ನಲ್ಲಿ ಮೂರು ಗಂಟೆ ಹತ್ತು ನಿಮಿಷ ಲೇಟ್ ಅಂತ ತೋರಿಸುತ್ತಿರುತ್ತದೆ, ಡ್ರೈವರ್ ದಾರಿಯಲ್ಲಿ ಇಪ್ಪತ್ತು ನಿಮಿಷ ಹಿಡಿದುಬಿಡುತ್ತಾನೆ. ರೈಲ್ವೆಯವರು ಕೊನೆಗೆ ನೋಡುವುದು ರೈಲು ನಿಜವಾಗಿ ಎಷ್ಟು ಲೇಟಾಗಿತ್ತು ಅನ್ನುವುದನ್ನು. ಮೂರೂವರೆ, ನಾಲ್ಕು ಗಂಟೆ ಇದ್ದರೆ ಧೈರ್ಯವಾಗಿ ಬಸ್ ಹಿಡಿಯಿರಿ. ಮೂರು ಗಂಟೆ ಐದು ನಿಮಿಷದ ಅಂಚಿನಲ್ಲಿದ್ದರೆ ನಾನಾದರೆ ಪಕ್ಕದ ಸ್ಟೇಷನ್ ದಾಟುವವರೆಗೂ ಕಾಯುತ್ತೇನೆ.

ಹೆಜ್ಜೆ 2: ಸ್ಕ್ರೀನ್‌ಶಾಟ್ ತೆಗೆಯಿರಿ. ರೈಲಿನ ನಂಬರ್, ದಿನಾಂಕ, ನಿಮ್ಮ ಸ್ಟೇಷನ್ನಿನ ಹೆಸರು, ಎಷ್ಟು ಲೇಟ್ ಅನ್ನುವುದು, ಮೇಲೆ ಮೊಬೈಲಿನ ಸಮಯ, ಎಲ್ಲ ಒಂದೇ ಚಿತ್ರದಲ್ಲಿ ಕಾಣಬೇಕು. ಪ್ಲಾಟ್‌ಫಾರ್ಮಿನ ಬೋರ್ಡಿನದೂ ಒಂದು ಫೋಟೋ ಇರಲಿ. ಒಂದೆರಡು ದಿನ ಕಳೆದರೆ ಆಪ್‌ನಲ್ಲಿ ಹಳೇ ರೈಲಿನ ವಿವರ ಸಿಗುವುದಿಲ್ಲ.

ಹೆಜ್ಜೆ 3: ಟಿಡಿಆರ್ ಹಾಕಿ. ಯಾವ ಐಡಿಯಲ್ಲಿ ಟಿಕೆಟ್ ಮಾಡಿದ್ದಿರೋ ಅದೇ ಐಡಿಯಲ್ಲಿ ಐಆರ್‌ಸಿಟಿಸಿಗೆ ಲಾಗಿನ್ ಆಗಿ. ಮೈ ಅಕೌಂಟ್, ಅದರಲ್ಲಿ ಮೈ ಟ್ರಾನ್ಸಾಕ್ಷನ್ಸ್, ಅದರಲ್ಲಿ ಫೈಲ್ ಟಿಡಿಆರ್. ನಿಮ್ಮ ಪಿಎನ್‌ಆರ್, ಅಂದರೆ ಟಿಕೆಟಿನ ಮೇಲಿರುವ ಬುಕಿಂಗ್ ನಂಬರ್, ಆರಿಸಿ. ಕಾರಣಗಳ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡ, ಪ್ರಯಾಣಿಕರು ಪ್ರಯಾಣಿಸಿಲ್ಲ ಎಂಬರ್ಥದ ಸಾಲನ್ನೇ ಆರಿಸಬೇಕು. ಅವಸರದಲ್ಲಿ ಪಕ್ಕದ ಸಾಲು ಒತ್ತಿದರೆ ಆ ಕಾರಣಕ್ಕೆ ಇರುವ ನಿಯಮವನ್ನೇ ನಿಮಗೆ ಹಚ್ಚುತ್ತಾರೆ, ಅರ್ಜಿ ಬಿದ್ದುಹೋಗುತ್ತದೆ. ಆಮೇಲೆ ಪ್ರಯಾಣಿಕರ ಹೆಸರಿನ ಮುಂದೆ ಟಿಕ್ ಹಾಕಿ ಸಲ್ಲಿಸಿ. ಕೊನೆಯಲ್ಲಿ ಬರುವ ಸಂದೇಶದ್ದೂ ಸ್ಕ್ರೀನ್‌ಶಾಟ್ ಇರಲಿ.

ಚಾರ್ಟ್, ಅಂದರೆ ಪ್ರಯಾಣಿಕರ ಅಂತಿಮ ಪಟ್ಟಿ, ಆದ ಮೇಲೆ ಇ-ಟಿಕೆಟಿಗೆ ಮಾಮೂಲಿ ಕ್ಯಾನ್ಸಲ್ ಇರುವುದಿಲ್ಲ, ಟಿಡಿಆರ್ ಒಂದೇ ದಾರಿ. ಚಾರ್ಟಿಗೆ ಮುಂಚೆಯೇ ರೈಲು ಲೇಟಾಗುವುದು ಗೊತ್ತಾದರೂ ಕ್ಯಾನ್ಸಲ್ ಒತ್ತಬೇಡಿ. ಒತ್ತಿದರೆ ಚಾರ್ಜ್ ಮುರಿಯುತ್ತದೆ. ಚಾರ್ಟ್ ಆಗಲಿ ಅಂತ ಕಾದು ಟಿಡಿಆರ್ ಹಾಕಿ.

ಹೆಜ್ಜೆ 4: ಟಿಡಿಆರ್ ಹಾಕಿದ ಮೇಲೆ ಆ ರೈಲು ಹತ್ತಬೇಡಿ. ಇದನ್ನು ಬೇರೆ ಹೇಳಬೇಕಾ ಅನ್ನಿಸಬಹುದು, ಆದರೆ ಕೇಳುವವರಿದ್ದಾರೆ. ಬೋಗಿಯೊಳಗೆ ಟಿಟಿಇ ನಿಮ್ಮ ಸೀಟಿನಲ್ಲಿ ನಿಮ್ಮನ್ನು ನೋಡಿ ಗುರುತು ಹಾಕಿಕೊಂಡರೆ ಆ ದಾಖಲೆಯೇ ನಿಮ್ಮ ಅರ್ಜಿಗೆ ಉತ್ತರವಾಗುತ್ತದೆ.

ಕೌಂಟರ್ ಟಿಕೆಟಿನವರು ಆ ಟಿಕೆಟನ್ನು ರೈಲು ಹೊರಡುವ ಮುಂಚೆ ಸ್ಟೇಷನ್ನಿನಲ್ಲಿ ಕೊಡಬೇಕು. ರಾತ್ರಿ ಹೊತ್ತು ರಿಸರ್ವೇಶನ್ ಕೌಂಟರ್ ಮುಚ್ಚಿರಬಹುದು. ಹಾಗಂತ ಬೆಳಿಗ್ಗೆ ಬಂದು ಕೇಳೋಣ ಅಂತ ಮನೆಗೆ ಹೋಗಬೇಡಿ. ಬುಕಿಂಗ್ ಕೌಂಟರ್ ಅಥವಾ ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಟಿಕೆಟ್ ಕೊಟ್ಟು ಕಾಗದದ ಟಿಡಿಆರ್ ಕೇಳಿ. ಅದರ ಮೇಲೆ ಸಮಯ ಬರೆದಿದೆಯಾ ನೋಡಿಕೊಳ್ಳಿ. ಆ ರಸೀದಿ ಇಟ್ಟುಕೊಂಡು ವಲಯ ಕಚೇರಿಯ ರಿಫಂಡ್ ವಿಭಾಗಕ್ಕೆ ಅರ್ಜಿ ಕಳಿಸಬೇಕು, ಅದನ್ನೂ ತಡ ಮಾಡಬೇಡಿ.

ತತ್ಕಾಲ್ ಟಿಕೆಟಿಗೆ ಏನೂ ವಾಪಸ್ ಬರಲ್ಲ ಅಂತ ಎಲ್ಲರ ನಂಬಿಕೆ. ನೀವಾಗಿ ರದ್ದು ಮಾಡಿದರೆ ಬರುವುದಿಲ್ಲ, ನಿಜ. ಆದರೆ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾದರೆ ತತ್ಕಾಲಿಗೂ ಪೂರ್ತಿ ಹಣ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ತತ್ಕಾಲಿನಲ್ಲಿ ಲೇಟು ಲೆಕ್ಕ ಹಾಕುವುದು ಟಿಕೆಟ್ ಶುರುವಾಗುವ ಸ್ಟೇಷನ್ನಿಗೆ. ನೀವು ಆಮೇಲೆ ಬದಲಾಯಿಸಿಕೊಂಡ ಹತ್ತುವ ಸ್ಟೇಷನ್ ಲೆಕ್ಕಕ್ಕೆ ಬರುವುದಿಲ್ಲ. ಹರಿಹರದಿಂದ ಟಿಕೆಟ್ ತೆಗೆದು ದಾವಣಗೆರೆಯಲ್ಲಿ ಹತ್ತುತ್ತೇನೆ ಅಂತ ಬೋರ್ಡಿಂಗ್ ಬದಲಿಸಿದ್ದರೆ ಹರಿಹರದಲ್ಲಿ ಎಷ್ಟು ಲೇಟಿತ್ತು ಅಂತ ನೋಡುತ್ತಾರೆ.

ಅರ್ಧ ರದ್ದು, ದಾರಿ ಬದಲು

ಹಳಿ ಕೆಲಸ ಇದ್ದಾಗ ರೈಲನ್ನು ಪೂರ್ತಿ ನಿಲ್ಲಿಸದೆ ಮಧ್ಯದಲ್ಲಿ ಒಂದು ಕಡೆ ನಿಲ್ಲಿಸಿಬಿಡುತ್ತಾರೆ. ಬೆಂಗಳೂರಿಗೆ ಹೋಗಬೇಕಾದ್ದು ಅರಸೀಕೆರೆಗೇ ಕೊನೆ ಅನ್ನುವ ಹಾಗೆ. ಆಗ ಇ-ಟಿಕೆಟಿನ ಹಣ ತಾನಾಗಿ ಬರುತ್ತದೆ ಅಂತ ಕೂರಬೇಡಿ. ನಿಮ್ಮ ಸ್ಟೇಷನ್ನಿನಿಂದ ರೈಲು ಹೊರಡಬೇಕಿದ್ದ ಸಮಯದಿಂದ 72 ಗಂಟೆ ಒಳಗೆ ಟಿಡಿಆರ್ ಹಾಕಬೇಕು. ರೈಲಿನ ದಾರಿ ಬದಲಾಗಿ, ಆ ದಾರಿಯಲ್ಲಿ ಹೋಗಲು ನಿಮಗೆ ಇಷ್ಟವಿಲ್ಲದಿದ್ದರೂ ಇದೇ 72 ಗಂಟೆ.

ನೀವು ಹತ್ತಿಯಾದ ಮೇಲೆ ಪ್ರವಾಹವೋ ಅಪಘಾತವೋ ಆಗಿ ರೈಲು ಮಧ್ಯದಲ್ಲೇ ನಿಂತರೆ ಲೆಕ್ಕ ಬೇರೆ. ಮುಂದಕ್ಕೆ ಕರೆದುಕೊಂಡು ಹೋಗಲು ರೈಲ್ವೆಯಿಂದ ಆಗದಿದ್ದರೆ ಪೂರ್ತಿ ಟಿಕೆಟ್ ದರ ಕೊಡಬೇಕು, ಬಂದಷ್ಟು ದೂರದ ದುಡ್ಡನ್ನೂ ಹಿಡಿಯುವಂತಿಲ್ಲ. ಬಸ್ಸೋ ಬೇರೆ ರೈಲೋ ಕೊಟ್ಟಾಗ ನೀವೇ ಬೇಡ ಅಂದರೆ ಉಳಿದ ದೂರದ್ದಷ್ಟೇ ಬರುತ್ತದೆ. ಅದಕ್ಕೇ ಅಲ್ಲಿಯ ಸ್ಟೇಷನ್ ಮಾಸ್ಟರ್ ಬಸ್ ವ್ಯವಸ್ಥೆ ಮಾಡಿದ್ದೇವೆ ಅಂದರೆ, ಸಿಟ್ಟಿನಲ್ಲಿ ಎದ್ದು ಹೋಗುವ ಮುಂಚೆ ಒಂದು ಸಲ ಯೋಚಿಸಿ.

ಚಿತ್ರದುರ್ಗದವರ ಕಷ್ಟ: ತಪ್ಪಿದ ಎರಡನೇ ರೈಲು

ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ದಾರಿಯಲ್ಲಿದೆ. ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆ ಹೋಗುವ ಕವಲಿನಲ್ಲಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗಕ್ಕೆ ದುರ್ಗದವರು ವರ್ಷಗಟ್ಟಲೆಯಿಂದ ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಚಿಕ್ಕಜಾಜೂರಿನಲ್ಲಿ ಇಳಿದು ಇನ್ನೊಂದು ರೈಲು ಹತ್ತುವ ಸರ್ಕಸ್ ತಪ್ಪಿದ್ದಲ್ಲ. ಮೊದಲ ರೈಲು ಲೇಟಾಗಿ ಎರಡನೆಯದು ಕಣ್ಣೆದುರೇ ಹೊರಟುಹೋದರೆ?

ಇದಕ್ಕೆ 2019ರ ಏಪ್ರಿಲ್‌ನಿಂದ ಪಿಎನ್‌ಆರ್ ಜೋಡಣೆ ಅನ್ನುವ ಸೌಲಭ್ಯ ಇದೆ. ಎರಡೂ ಟಿಕೆಟ್‌ಗಳ ಪಿಎನ್‌ಆರ್‌ಗಳನ್ನು ಒಂದಕ್ಕೊಂದು ಲಿಂಕ್ ಮಾಡಿಟ್ಟರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಟಿಕೆಟಿನ ಹಣ ಕ್ಯಾನ್ಸಲೇಶನ್ ಚಾರ್ಜ್ ಇಲ್ಲದೆ ವಾಪಸ್ ಬರುತ್ತದೆ. ಮೊದಲ ರೈಲು ನಿಜವಾಗಿ ಬಂದು ತಲುಪಿದ ಮೂರು ಗಂಟೆ ಒಳಗೆ ಟಿಡಿಆರ್ ಹಾಕಬೇಕು. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೆ ವಾಪಸ್ ಕೊಡಬೇಕು.

ಎರಡೂ ಟಿಕೆಟಿನಲ್ಲಿ ಪ್ರಯಾಣಿಕರ ಹೆಸರು, ವಯಸ್ಸು ಒಂದೇ ಇರಬೇಕು. ಒಂದರಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸವರಾಜಪ್ಪ ಅಂತ ಹಾಕಿದರೆ ಲಿಂಕ್ ಆಗಲ್ಲ. ಮೊದಲ ಟಿಕೆಟ್ ಮುಗಿಯುವ ಸ್ಟೇಷನ್ನಿನಿಂದಲೇ ಎರಡನೆಯದು ಶುರುವಾಗಬೇಕು. ಒಂದು ಇ-ಟಿಕೆಟ್, ಇನ್ನೊಂದು ಕೌಂಟರ್ ಟಿಕೆಟ್ ಆದರೂ ನಡೆಯುತ್ತದೆ.

ಈಗ ದುರ್ಗದವರಿಗೆ ಬೇಸರದ ಸಂಗತಿ. ಲಿಂಕ್ ಮಾಡಲು ಎರಡಕ್ಕೂ ಪಿಎನ್‌ಆರ್ ಇರಬೇಕು. ಚಿಕ್ಕಜಾಜೂರಿನವರೆಗೆ ಜನರಲ್ ಟಿಕೆಟಿನಲ್ಲಿ ಬಂದರೆ ಪಿಎನ್‌ಆರ್ ಎಲ್ಲಿಂದ ಬರಬೇಕು? ಚಿತ್ರದುರ್ಗದಿಂದ ಬಸ್ಸಿನಲ್ಲಿ ದಾವಣಗೆರೆಗೆ ಬರುವಾಗ ಹೆದ್ದಾರಿಯಲ್ಲಿ ಟ್ರಾಫಿಕ್ ಆಗಿ ರೈಲು ತಪ್ಪಿದರೂ ಅಷ್ಟೇ, ರೈಲ್ವೆಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಇದರ ನಿಜವಾದ ಉಪಯೋಗ ದೂರದ ಪ್ರಯಾಣಕ್ಕೆ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ಚೆನ್ನೈ ಅಂತ ಎರಡು ರಿಸರ್ವೇಶನ್ ಇದ್ದರೆ ಹೊರಡುವ ಮುಂಚೆಯೇ ಲಿಂಕ್ ಮಾಡಿಟ್ಟುಬಿಡಿ. ಬೆಂಗಳೂರಿನಲ್ಲಿ ಸ್ಟೇಷನ್‌ಗಳೇ ಮೂರ್ನಾಲ್ಕು ಇವೆ. ಇಳಿಯುವುದು, ಹತ್ತುವುದು ಒಂದೇ ಕಡೆ ಇದ್ದರೆ ಗೊಂದಲ ಇಲ್ಲ.

ಎಸಿ ಕೆಟ್ಟರೆ

ಎಸಿ ಬೋಗಿಗೆ ದುಡ್ಡು ಕೊಟ್ಟು ಬೆವರುತ್ತಾ ಬಂದವರಿಗೂ ರಿಫಂಡ್ ಇದೆ. ಟು ಟಯರ್, ತ್ರೀ ಟಯರ್ ಆದರೆ ಆ ದರಕ್ಕೂ ಸ್ಲೀಪರ್ ದರಕ್ಕೂ ಇರುವ ವ್ಯತ್ಯಾಸ ಸಿಗುತ್ತದೆ. ಎಸಿ ಕೆಲಸ ಮಾಡದ ದೂರಕ್ಕೆ ಮಾತ್ರ. ರೈಲಿನಲ್ಲಿದ್ದಾಗಲೇ 139ಕ್ಕೆ ಅಥವಾ ರೈಲ್ ಮದದ್ ಆಪ್‌ನಲ್ಲಿ ದೂರು ಕೊಡಿ, ಟಿಟಿಇ ಹತ್ತಿರ ಪ್ರಮಾಣಪತ್ರ ಕೇಳಿ ಪಡೆಯಿರಿ. ಇಳಿದ 20 ಗಂಟೆ ಒಳಗೆ ಟಿಡಿಆರ್ ಹಾಕಬೇಕು. ಮೇಲಿನ ಕ್ಲಾಸಿನ ಟಿಕೆಟ್ ಇದ್ದೂ ಕೆಳಗಿನ ಕ್ಲಾಸಿನಲ್ಲಿ ಕೂರಿಸಿದರೂ ಟಿಟಿಇ ಕೊಡುವ ಆ ಕಾಗದವೇ ಆಧಾರ. ಬಾಯಿಮಾತಿಗೆ ಬೆಲೆಯಿಲ್ಲ.

ಅರ್ಜಿ ಹಾಕಿದ ಮೇಲೆ

ಟಿಡಿಆರ್ ಹಾಕಿದ ಕೂಡಲೇ ದುಡ್ಡು ಬರುವುದಿಲ್ಲ. ಐಆರ್‌ಸಿಟಿಸಿ ಅದನ್ನು ಸಂಬಂಧಪಟ್ಟ ರೈಲ್ವೆ ವಲಯಕ್ಕೆ ಕಳಿಸುತ್ತದೆ. ಅವರು ರೈಲಿನ ದಾಖಲೆ, ಟಿಟಿಇ ಚಾರ್ಟ್ ಎಲ್ಲ ನೋಡಿ ಒಪ್ಪಿದ ಮೇಲೆ ಹಣ ನಿಮ್ಮ ಖಾತೆಗೆ. ಎರಡು ತಿಂಗಳು ಹಿಡಿಯಬಹುದು, ಕೆಲವು ಸಲ ಇನ್ನೂ ಜಾಸ್ತಿ. ನಡುನಡುವೆ ಟಿಡಿಆರ್ ಹಿಸ್ಟರಿಯಲ್ಲಿ ಸ್ಥಿತಿ ನೋಡುತ್ತಿರಿ.

ತಿರಸ್ಕಾರವಾಯಿತು, ಆದರೆ ನಿಮ್ಮ ಕಡೆ ನ್ಯಾಯ ಇದೆ ಅಂತಾದರೆ 10 ರೂಪಾಯಿಯ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹಾಕಬಹುದು. "ಇಂಥ ದಿನ ಇಂಥ ನಂಬರಿನ ರೈಲು ದಾವಣಗೆರೆಗೆ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಟಿತು, ತಡವಾಗಲು ದಾಖಲಾದ ಕಾರಣ ಏನು" ಅಂತ ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಅವರದೇ ದಾಖಲೆಯಲ್ಲಿ ಮೂರು ಗಂಟೆ ದಾಟಿದೆ ಅಂತ ಬಂದರೆ ನಿಮ್ಮ ಕೈ ಮೇಲಾಯಿತು. ಉದ್ದುದ್ದ ಬರೆದು ಸಿಟ್ಟು ತೋರಿಸಿದರೆ ಉತ್ತರವೂ ಹಾರಿಕೆಯದೇ ಬರುತ್ತದೆ, ನನ್ನ ಅನುಭವ.

ಬರೀ ಟಿಕೆಟ್ ಹಣದ ರಿಫಂಡಿನ ತಕರಾರು ಮುಂದಕ್ಕೆ ಹೋದರೆ ಅದನ್ನು ಕೇಳುವುದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್. 1987ರ ಕಾಯ್ದೆಯ ಪ್ರಕಾರ ಆದ ನ್ಯಾಯಮಂಡಳಿ ಇದು, ನಮಗೆ ಬೆಂಗಳೂರಿನ ಪೀಠ. ಐನೂರು, ಸಾವಿರ ರೂಪಾಯಿಗೆ ಅಷ್ಟು ದೂರ ಓಡಾಡುವುದು ಯಾರಿಗೂ ಗಿಟ್ಟುವುದಿಲ್ಲ. ಅದಕ್ಕೇ ಟಿಡಿಆರ್ ಹಂತದಲ್ಲೇ ಸರಿಯಾಗಿ ಮಾಡಿ ಮುಗಿಸಿ ಅನ್ನುವುದು.

ಗ್ರಾಹಕರ ಆಯೋಗಕ್ಕೆ ಯಾವಾಗ ಹೋಗಬೇಕು?

ಒಂದು ನಿಜವಾದ ಪ್ರಕರಣ ಹೇಳುತ್ತೇನೆ. 2016ರ ಜೂನ್‌ನಲ್ಲಿ ಒಬ್ಬರು ಕುಟುಂಬದ ಜೊತೆ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್‌ನಲ್ಲಿ ಹೊರಟಿದ್ದರು. ರೈಲು ಬೆಳಿಗ್ಗೆ ಎಂಟರ ಸುಮಾರಿಗೆ ಜಮ್ಮು ಮುಟ್ಟಬೇಕಿತ್ತು, ಮುಟ್ಟಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅವರ ಶ್ರೀನಗರದ ವಿಮಾನವೂ ಹನ್ನೆರಡಕ್ಕೇ ಇತ್ತು. ಅದು ತಪ್ಪಿ, ಟ್ಯಾಕ್ಸಿ ಮಾಡಿಕೊಂಡು ಹೋದರು. ಕೇಸ್ ಜಿಲ್ಲಾ ಆಯೋಗದಿಂದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ತಡಕ್ಕೆ ನಾವು ಹೊಣೆಯಲ್ಲ ಅನ್ನುವ ತನ್ನ ನಿಯಮವನ್ನು ರೈಲ್ವೆ ಮುಂದಿಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಡವಾಗಲು ತನ್ನ ಕೈಮೀರಿದ ಕಾರಣ ಇತ್ತು ಅಂತ ರೈಲ್ವೆ ಸಾಕ್ಷಿ ಸಮೇತ ತೋರಿಸಬೇಕು, ತೋರಿಸದಿದ್ದರೆ ಪರಿಹಾರ ಕೊಡಬೇಕು ಎಂದಿತು. ಟ್ಯಾಕ್ಸಿಗೆ 15,000, ಬುಕಿಂಗ್ ಖರ್ಚಿಗೆ 10,000, ಮಾನಸಿಕ ಹಿಂಸೆಗೂ ಕೇಸಿನ ಖರ್ಚಿಗೂ ತಲಾ 5,000 ಕೊಡಿ ಅನ್ನುವ ಆದೇಶ ಉಳಿಯಿತು.

ಇದರಿಂದ ನಮಗೆ ಸಿಗುವ ಬಲ ದೊಡ್ಡದು. ಲೇಟಾಯಿತು ಅಂತ ನಾವು ತೋರಿಸಿದರೆ ಸಾಕು, ಯಾಕೆ ಲೇಟಾಯಿತು ಅಂತ ಅವರು ಹೇಳಬೇಕು. ಆದರೆ ಅವರ ಹತ್ತಿರ ಸರಿಯಾದ ಕಾರಣ ಇದ್ದರೆ, ಉದಾಹರಣೆಗೆ ಪ್ರವಾಹವೋ ಹಳಿ ಮೇಲೆ ಚಳವಳಿಯೋ ಆಗಿದ್ದರೆ, ನಿಮ್ಮ ಕೇಸ್ ನಿಲ್ಲುವುದು ಕಷ್ಟ. ಆಯೋಗ ನಿಮ್ಮನ್ನೂ ಕೇಳುತ್ತದೆ: ನೀವು ಎಷ್ಟು ಬಿಡುವು ಇಟ್ಟುಕೊಂಡಿದ್ದಿರಿ? ಬೆಂಗಳೂರಿನಲ್ಲಿ ರೈಲು ಇಳಿದ ಎರಡು ಗಂಟೆಗೆ ದೇವನಹಳ್ಳಿಯಿಂದ ವಿಮಾನ ಅಂತ ಇಟ್ಟುಕೊಂಡರೆ, ರೈಲು ಸರಿಯಾದ ಸಮಯಕ್ಕೆ ಬಂದರೂ ಅದು ಸಿಗುವುದು ಅನುಮಾನ, ಅಲ್ವಾ?

ಬರೀ ಬೇಸರಕ್ಕೆ ಕೇಸ್ ಹಾಕಬೇಡಿ ಅನ್ನುವುದು ನನ್ನ ಸಲಹೆ. ಬಿಲ್ ತೋರಿಸಬಹುದಾದ ನಷ್ಟ ಇದ್ದರೆ ಮಾತ್ರ ಹೋಗಿ.

ಮೊದಲು ಒಂದು ಪತ್ರ ಬರೆಯಿರಿ. ದಾವಣಗೆರೆ ನಿಲ್ದಾಣ ಮೈಸೂರು ವಿಭಾಗಕ್ಕೆ ಸೇರಿದ್ದು, ವಲಯ ನೈರುತ್ಯ ರೈಲ್ವೆ, ಅದರ ಕೇಂದ್ರ ಕಚೇರಿ ಹುಬ್ಬಳ್ಳಿ. ಹುಬ್ಬಳ್ಳಿಯ ಪ್ರಧಾನ ವ್ಯವಸ್ಥಾಪಕರಿಗೆ, ಒಂದು ಪ್ರತಿ ಮೈಸೂರಿನ ವಿಭಾಗೀಯ ವ್ಯವಸ್ಥಾಪಕರಿಗೆ. ಪಿಎನ್‌ಆರ್, ದಿನಾಂಕ, ಎಷ್ಟು ಲೇಟು, ಏನು ನಷ್ಟ, ಎಷ್ಟು ಹಣ ಬೇಕು, ಎಷ್ಟು ದಿನದಲ್ಲಿ ಬೇಕು. ಒಂದು ಪುಟ ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ರೈಲ್ ಮದದ್‌ನಲ್ಲಿ ಕೊಟ್ಟ ದೂರಿನ ನಂಬರ್ ಇದ್ದರೆ ಅದನ್ನೂ ಬರೆಯಿರಿ.

ಉತ್ತರ ಬರಲಿಲ್ಲ, ಅಥವಾ "ವಿಷಾದಿಸುತ್ತೇವೆ" ಅಂತಷ್ಟೇ ಬಂತು. ಆಗ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ರೈಲು ಕೆಟ್ಟು ನಿಂತದ್ದು ಮಹಾರಾಷ್ಟ್ರದಲ್ಲಾದರೂ ಕೇಸ್ ನಡೆಯುವುದು ನಿಮ್ಮೂರಲ್ಲೇ. ಘಟನೆ ಆದ ಎರಡು ವರ್ಷದ ಒಳಗೆ ಹಾಕಬೇಕು. ಸೇವೆಗೆ ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ರೈಲು ಟಿಕೆಟ್ ಅದನ್ನು ದಾಟುವ ಮಾತೇ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ, ನೀವೇ ನಿಂತು ವಾದಿಸಬಹುದು. ಇ-ಜಾಗೃತಿ ಜಾಲತಾಣದಲ್ಲಿ ಆನ್‌ಲೈನ್ ಆಗಿಯೂ ದೂರು ಸಲ್ಲಿಸಬಹುದು.

ದೂರಿನ ಜೊತೆ ಟಿಕೆಟ್, ಲೇಟಾಗಿದ್ದಕ್ಕೆ ಸ್ಕ್ರೀನ್‌ಶಾಟ್ ಇಲ್ಲವೇ ಆರ್‌ಟಿಐ ಉತ್ತರ, ತಪ್ಪಿದ ವಿಮಾನದ ಟಿಕೆಟ್ ಅಥವಾ ಪರೀಕ್ಷೆಯ ಹಾಲ್ ಟಿಕೆಟ್, ಟ್ಯಾಕ್ಸಿ, ಲಾಡ್ಜ್ ಬಿಲ್‌ಗಳು, ಕಳಿಸಿದ ಪತ್ರ, ಪೋಸ್ಟಿನ ರಸೀದಿ, ಒಂದು ಅಫಿಡವಿಟ್ ಇರಬೇಕು. ಟ್ಯಾಕ್ಸಿಯವರಿಗೆ ನಗದು ಕೊಟ್ಟು ಬಿಲ್ ಕೇಳದೇ ಬಂದವರೇ ಜಾಸ್ತಿ. ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಕನಿಷ್ಠ ಅದರ ದಾಖಲೆಯಾದರೂ ಉಳಿದಿರುತ್ತದೆ. ಕೇಳುವ ಮೊತ್ತವನ್ನು ಬಿಲ್ಲಿಗೆ ಹತ್ತಿರ ಇಡಿ. ಎಂಟು ಸಾವಿರದ ನಷ್ಟಕ್ಕೆ ಐದು ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ.

ಇನ್ನೆರಡು ಮಾತು

ಬುಕಿಂಗ್ ಮಾಡುವಾಗ 45 ಪೈಸೆಯ ವಿಮೆಗೆ ಟಿಕ್ ಹಾಕಿರುತ್ತೀರಲ್ಲ, ಅದು ಲೇಟಿಗೆ ಅಲ್ಲ. ಅಪಘಾತದಲ್ಲಿ ಸಾವು, ಅಂಗವೈಕಲ್ಯ, ಗಾಯ ಆದರೆ ಮಾತ್ರ. ಟಿಕ್ ಹಾಕಿ, ಖಂಡಿತ ಹಾಕಿ. ಹಾಕಿದ ಮೇಲೆ ವಿಮಾ ಕಂಪನಿಯಿಂದ ಬರುವ ಲಿಂಕಿನಲ್ಲಿ ನಾಮಿನಿ ಹೆಸರನ್ನೂ ತುಂಬಿ. ಲೇಟಾದ ರೈಲಿಗೆ ಅದರಿಂದ ದುಡ್ಡು ನಿರೀಕ್ಷಿಸಬೇಡಿ.

ರಿಫಂಡ್ ಬರಲಿಲ್ಲ ಅಂತ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ನಮ್ಮ ಓಣಿಯ ಒಬ್ಬರು ಹಾಗೆ ಸಿಕ್ಕ ನಂಬರಿಗೆ ಫೋನ್ ಮಾಡಿದ್ದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ಒಂದು ಆಪ್ ಹಾಕಿಕೊಳ್ಳಿ ಸಾರ್, ನಾನೇ ರಿಫಂಡ್ ಮಾಡಿಕೊಡ್ತೀನಿ ಅಂದನಂತೆ. ಪುಣ್ಯಕ್ಕೆ ಅವರ ಮಗಳು ಪಕ್ಕದಲ್ಲೇ ಇದ್ದಳು, ಫೋನ್ ಕಿತ್ತುಕೊಂಡು ಕಟ್ ಮಾಡಿದಳು. ರೈಲ್ವೆಗೆ 139. ಹಣ ವಾಪಸ್ ಬರಲು ಯುಪಿಐ ಪಿನ್ ಒತ್ತುವ ಅಗತ್ಯ ಇಲ್ಲ, ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಆ ಟಿಕೆಟಿನ ರಿಫಂಡ್ ಆಮೇಲೆ ಒಂಬತ್ತನೇ ವಾರಕ್ಕೆ ಅವರ ಖಾತೆಗೆ ತಾನಾಗಿಯೇ ಬಂತು.